ಹಳೆಯ ಕಟ್ಟಡದ ಎಚಿಂಗ್ ಕೈಗೆ ಬಂದಾಗ: ಇಸವಿ ಓದುವ ಮೊದಲು ಮಾಡಬೇಕಾದ ಪರೀಕ್ಷೆಗಳು, ಕ್ರಮವಾಗಿ

ಹತ್ತೊಂಬತ್ತನೇ ಶತಮಾನದ ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ತೆಗೆದ ಅಚ್ಚು) ಎಂದು ಹೇಳಿ ಮಾರಿದ ಹಾಳೆ, ಅಥವಾ ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಸಿಕ್ಕ ಹಾಳೆ. ಮೇಲೆ ಯಾವುದೋ ಯುರೋಪಿನ ಊರಿನ ಸೇತುವೆ, ಇಗರ್ಜಿ ಅಥವಾ ಗಡಿಯಾರದ ಗೋಪುರ. ಹೆಚ್ಚಿನವರು ಮೊದಲು ಮೂಲೆಯಲ್ಲಿರುವ ಇಸವಿ ಓದುತ್ತಾರೆ, ಆಮೇಲೆ ಹೆಸರು, ಆಮೇಲೆ ಅಂತರ್ಜಾಲದಲ್ಲಿ ಬೆಲೆ ಹುಡುಕುತ್ತಾರೆ. ತಪ್ಪು ಶುರುವಾಗುವುದೇ ಇಲ್ಲಿ. ಮೂಲೆಯಲ್ಲಿ ಕೊರೆದ ಇಸವಿ ತಗಡಿನದು, ಹಾಳೆಯದಲ್ಲ. 1850ರಲ್ಲಿ ಕೊರೆದ ತಾಮ್ರದ ತಗಡಿನಿಂದ ಅದೇ ವರ್ಷ ಅಚ್ಚು ತೆಗೆಯಬಹುದು, ಮೂವತ್ತು ವರ್ಷ ಕಳೆದ ಮೇಲೂ ತೆಗೆಯಬಹುದು. ಆ ಅಚ್ಚಿನ ಫೋಟೋ ಹಿಡಿದು, ಅದರಿಂದ ಇನ್ನೊಂದು ತಗಡು ಮಾಡಿ, ಅದರಿಂದಲೂ ಸಾವಿರ ಹಾಳೆ ತೆಗೆಯಬಹುದು. ಎಲ್ಲದರ ಮೂಲೆಯಲ್ಲೂ 1850 ಎಂದೇ ಇರುತ್ತದೆ.

ಆದ್ದರಿಂದ ಮೊದಲು ಅಚ್ಚಿನ ಬಗೆ, ನಂತರ ಕಾಗದ, ನಂತರ ಬರಹ, ಕೊನೆಗೆ ಕಟ್ಟಡ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಕಣ್ಣು ತಾನು ಬಯಸಿದ್ದನ್ನೇ ಕಾಣುತ್ತದೆ. ಉದಾಹರಣೆಗೆ ಪ್ಯಾರಿಸ್ಸಿನ ಶಾರ್ಲ್ ಮೆರಿಯೋನ್ (1821–1868) ಮಾಡಿದ ಕಟ್ಟಡಗಳ ಎಚಿಂಗ್‌ಗಳನ್ನು ಇಟ್ಟುಕೊಳ್ಳೋಣ. 1850ರಿಂದ 1854ರ ನಡುವೆ ಅವನು ಹಳೆಯ ಪ್ಯಾರಿಸ್ಸಿನ ಸೇತುವೆ, ಗೋಪುರ, ಶವಾಗಾರಗಳನ್ನು ತಗಡಿಗೆ ಇಳಿಸಿದ. ಒಂದೊಂದು ತಗಡನ್ನೂ ಹಲವು ಬಾರಿ ತಿದ್ದಿದ. ಈ ಅಚ್ಚುಗಳ ಛಾಯಾಪ್ರತಿಗಳೂ ಬೇಕಾದಷ್ಟು ಬಂದಿವೆ. ಹೀಗಾಗಿ ಎಡವಬಹುದಾದ ಬಹುತೇಕ ಜಾಗಗಳು ಇವುಗಳಲ್ಲೇ ಸಿಗುತ್ತವೆ.

ಬೇಕಾಗುವ ಸಾಮಾನು

ಅಕ್ಕಸಾಲಿಗರು ಬಳಸುವ 10 ಪಟ್ಟು ಹಿಗ್ಗಿಸುವ ಲೂಪ್ ಇಲ್ಲದೆ ಶುರು ಮಾಡಬೇಡಿ. ಓದಲು ಬಳಸುವ ದೊಡ್ಡ ಭೂತಗನ್ನಡಿ ಸಾಲದು, ಅದು ಎರಡು-ಮೂರು ಪಟ್ಟು ಮಾತ್ರ ಹಿಗ್ಗಿಸುತ್ತದೆ. 30ರಿಂದ 60 ಪಟ್ಟಿನ ಜೇಬು ಸೂಕ್ಷ್ಮದರ್ಶಕ ಸಿಕ್ಕರೆ ಮೂರನೇ ಹಂತ ಸುಲಭವಾಗುತ್ತದೆ.

ಇದರ ಜೊತೆಗೆ ಸಣ್ಣ ಎಲ್‌ಇಡಿ ಟಾರ್ಚು, ಮಿಲಿಮೀಟರ್ ಗುರುತಿರುವ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲು, ಮಕ್ಕಳು ಚಿತ್ರ ನಕಲು ಮಾಡಲು ಬಳಸುವ ಬೆಳಕಿನ ಹಲಗೆ, 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚು, ಮೃದುವಾದ ಪೆನ್ಸಿಲ್ ಮತ್ತು ಹಾಳೆಗಿಂತ ದೊಡ್ಡದಾದ ಎರಡು ಬಿಳಿ ರಟ್ಟು ಇರಲಿ. ಮೇಜಿನ ಮೇಲೆ ಪೆನ್ನು, ನೀರು, ಕಾಫಿ ಲೋಟ ಇರಕೂಡದು. ಹತ್ತಿಯ ಕೈಗವಸು ಬೇಡ. ಅದರಿಂದ ಬೆರಳಿನ ಸ್ಪರ್ಶಜ್ಞಾನ ಹೋಗಿ ಕಾಗದದ ಅಂಚು ಹರಿಯುತ್ತದೆ. ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿದ ಕೈ ಸಾಕು.

ಹಂತ 1: ಚೌಕಟ್ಟಿನಿಂದ ಹೊರತೆಗೆಯಿರಿ

ಗಾಜಿನ ಹಿಂದಿರುವ ಹಾಳೆಯ ಬಗ್ಗೆ ಖಚಿತವಾಗಿ ಏನನ್ನೂ ಹೇಳಲು ಬರುವುದಿಲ್ಲ. ಚೌಕಟ್ಟನ್ನು ಗಾಜು ಕೆಳಗಾಗುವಂತೆ ಮಲಗಿಸಿ, ಹಿಂಬದಿಯ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆಯಿರಿ, ರಟ್ಟನ್ನು ಎತ್ತಿ. ಹಿಂದಿನ ಚೀಟಿ, ಅಂಗಡಿಯ ಮುದ್ರೆ, ಪೆನ್ಸಿಲ್ ಬರಹಗಳ ಫೋಟೋ ತೆಗೆದುಕೊಳ್ಳಿ. ರಟ್ಟು ಕೊಳೆತಿದ್ದರೂ ಚೀಟಿಯಿರುವ ಭಾಗವನ್ನು ಎಸೆಯಬೇಡಿ.

ಹಾಳೆ ಗಾಜಿಗೆ ಅಂಟಿದ್ದರೆ ಅಲ್ಲೇ ನಿಲ್ಲಿಸಿ. ತೇವದಿಂದ ಅಂಟಿದ ಹಾಳೆಯನ್ನು ಎಳೆದರೆ ಮಸಿಯೂ ಕಾಗದದ ಮೇಲ್ಪದರವೂ ಗಾಜಿಗೇ ಉಳಿಯುತ್ತವೆ. ರಟ್ಟಿಗೆ ಪೂರ್ತಿ ಗೋಂದು ಹಚ್ಚಿ ಅಂಟಿಸಿದ್ದರೂ ಅಷ್ಟೇ. ಬಿಡಿಸಲು ಹೋಗದೆ, ಕಾಣುವ ಮುಖವನ್ನಷ್ಟೇ ಪರೀಕ್ಷಿಸಿ.

ಹಂತ 2: ತಗಡಿನ ಒತ್ತುಗುರುತು ಹುಡುಕಿ

ಎಚಿಂಗ್ ಅಚ್ಚಾಗುವಾಗ ಒದ್ದೆ ಕಾಗದವೂ ತಗಡೂ ಒಟ್ಟಿಗೆ ಉರುಳೆಗಳ ನಡುವೆ ಭಾರೀ ಒತ್ತಡದಲ್ಲಿ ಹಾದುಹೋಗುತ್ತವೆ. ತಗಡಿನ ಅಂಚು ಕಾಗದದಲ್ಲಿ ತಗ್ಗಾದ ಆಯತವನ್ನು ಮೂಡಿಸುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿಗೆ ಸಮಾನಾಂತರವಾಗಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಚಿತ್ರದಿಂದ ಕೆಲವು ಮಿಲಿಮೀಟರ್ ಹೊರಗೆ ನೆರಳಿನ ಗೆರೆ ನಾಲ್ಕೂ ಕಡೆ ಕಾಣಬೇಕು.

ಗುರುತಿನ ಮೂಲೆಗಳನ್ನು ಲೂಪಿನಲ್ಲಿ ನೋಡಿ. ಕಾಗದ ಹರಿಯದಿರಲೆಂದು ತಗಡಿನ ಅಂಚನ್ನು ಅರದಿಂದ ಇಳಿಜಾರಾಗಿ ತಿಕ್ಕಿರುತ್ತಾರೆ, ಮೂಲೆಗಳನ್ನು ತುಸು ದುಂಡಗೆ ಮಾಡಿರುತ್ತಾರೆ. ಆ ಇಳಿಜಾರಿನಲ್ಲಿ ಉಳಿದ ಮಸಿಯ ಕೊಳೆ ಅಲ್ಲಲ್ಲಿ ಕಾಣಬಹುದು. ಗುರುತಿನ ಒಳಗಿನ ಕಾಗದ ಹೊರಗಿನದಕ್ಕಿಂತ ನುಣುಪಾಗಿರಬೇಕು. ಒಳಗೂ ಹೊರಗೂ ಒಂದೇ ತರಿ ಇದ್ದರೆ, ಆ ಗುರುತನ್ನು ಮುದ್ರಣವಾದ ಮೇಲೆ ಬೇರೆ ಖಾಲಿ ತಗಡಿನಿಂದ ಒತ್ತಿರುವ ಸಾಧ್ಯತೆ ಹೆಚ್ಚು.

ಇಲ್ಲಿ ಆಗುವ ಮೂರು ತಪ್ಪು. ಮೊದಲನೆಯದು, ಗುರುತು ಇದ್ದರೆ ಎಚಿಂಗ್ ಎಂದು ತೀರ್ಮಾನಿಸುವುದು. ಉಳಿಯಿಂದ ಕೊರೆದ ಎಂಗ್ರೇವಿಂಗಿಗೂ, ಗೆರೆಯ ಬದಲು ಛಾಯೆ ಮೂಡಿಸುವ ಅಕ್ವಾಟಿಂಟಿಗೂ, ಫೋಟೋದಿಂದ ತಗಡು ಮಾಡುವ ಫೋಟೋಗ್ರಾವ್ಯೂರಿಗೂ ಗುರುತು ಇರುತ್ತದೆ. ತೆಳು ಚೀನೀ ಕಾಗದವನ್ನು ದಪ್ಪ ಕಾಗದದ ಮೇಲೆ ಕೂರಿಸಿ ತೆಗೆದ ಕಲ್ಲಚ್ಚಿನಲ್ಲೂ ಇಂಥದೇ ತಗ್ಗು ಮೂಡುತ್ತದೆ. ಎರಡನೆಯದು, ಗುರುತು ಇಲ್ಲದಿದ್ದರೆ ನಕಲು ಎನ್ನುವುದು. ಎಷ್ಟೋ ಹಾಳೆಗಳನ್ನು ಪುಸ್ತಕಕ್ಕೋ ಚೌಕಟ್ಟಿಗೋ ಹೊಂದಿಸಲು ಗುರುತಿನ ಒಳಗೇ ಕತ್ತರಿಸಿದ್ದಾರೆ. ಮೂರನೆಯದು, ಅಂಚು ಕತ್ತರಿಸಿದ್ದೆಲ್ಲ ದೋಷ ಎನ್ನುವುದು. ಅಮೆರಿಕದ ಕಲಾವಿದ ಜೇಮ್ಸ್ ವಿಸ್ಲರ್ 1880ರ ಆಸುಪಾಸಿನಿಂದ ತನ್ನ ವೆನಿಸ್ ಎಚಿಂಗ್‌ಗಳ ಅಂಚನ್ನು ತಾನೇ ಗುರುತಿನವರೆಗೆ ಕತ್ತರಿಸಿ, ಸಹಿಗಾಗಿ ಕೆಳಗೆ ಒಂದು ಪುಟ್ಟ ನಾಲಗೆ ಬಿಡುತ್ತಿದ್ದ. ಆ ನಾಲಗೆಯಲ್ಲಿ ಪೆನ್ಸಿಲಿನ ಚಿಟ್ಟೆ ಇರುತ್ತದೆ, ಅದೇ ಅವನ ಸಹಿ.

ಹಂತ 3: ಗೆರೆಯನ್ನು ಓದಿ

ಇಡೀ ಪರೀಕ್ಷೆಯ ತಿರುಳು ಇದೇ. ಅರ್ಧ ಗಂಟೆ ಇದಕ್ಕೇ ಕೊಡಿ.

ಎಚಿಂಗಿನ ಗೆರೆ ಹುಟ್ಟುವ ಬಗೆ ಗೊತ್ತಿದ್ದರೆ ಗುರುತು ಹಿಡಿಯುವುದು ಕಷ್ಟವಲ್ಲ. ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಲೇಪವನ್ನಷ್ಟೇ ಗೀಚಿ, ಆಮ್ಲದಲ್ಲಿ ಮುಳುಗಿಸುತ್ತಾರೆ. ತಾಮ್ರವನ್ನು ತಿನ್ನುವುದು ಆಮ್ಲ, ಸೂಜಿಯಲ್ಲ. ಹಾಗಾಗಿ ಗೆರೆಯ ತುದಿ ಮೊಂಡು, ಅಂಚು ತುಸು ಒರಟು, ಮೊದಲಿಂದ ಕೊನೆಯವರೆಗೆ ದಪ್ಪ ಹೆಚ್ಚುಕಡಿಮೆ ಒಂದೇ. ಗೆರೆಯ ಓಟದಲ್ಲಿ ಕೈಬರಹದ ಸಲೀಸು ಇರುತ್ತದೆ. ದೂರದ ಗೋಪುರದ ಗೆರೆಗಳು ತೆಳುವಾಗಿದ್ದು ಹತ್ತಿರದ ಕಮಾನಿನ ನೆರಳು ದಪ್ಪವಾಗಿದ್ದರೆ, ತೆಳು ಗೆರೆಗಳನ್ನು ಮೊದಲೇ ವಾರ್ನಿಷ್ ಹಚ್ಚಿ ಮುಚ್ಚಿ, ಉಳಿದವನ್ನು ಆಮ್ಲದಲ್ಲಿ ಇನ್ನಷ್ಟು ಹೊತ್ತು ಬಿಟ್ಟಿದ್ದಾರೆ ಎಂದು ಅರ್ಥ. ಲೇಪ ಬಿರುಕು ಬಿಟ್ಟ ಕಡೆ ಆಮ್ಲ ನುಸುಳಿ ಸಣ್ಣ ಕಪ್ಪು ಚುಕ್ಕೆಗಳಾಗಿರುವುದೂ ಉಂಟು.

ಪಕ್ಕದಿಂದ ಬೆಳಕು ಬಿಟ್ಟಾಗ ಮಸಿ ಕಾಗದದ ಮೇಲೆ ಉಬ್ಬಿ ನಿಂತಿರಬೇಕು. ದಪ್ಪ ಗೆರೆಯ ಉಬ್ಬು ಹೆಚ್ಚು, ತೆಳು ಗೆರೆಯದು ಕಡಿಮೆ. ಬೆರಳಿನಿಂದ ಸವರಿ ನೋಡಬೇಡಿ, ಕಣ್ಣಿಗೇ ಕಾಣುತ್ತದೆ.

ಈಗ ಎಚಿಂಗ್ ಅಲ್ಲದವುಗಳು. ಎಂಗ್ರೇವಿಂಗಿನಲ್ಲಿ ಉಳಿ ನೇರವಾಗಿ ಲೋಹವನ್ನು ಸೀಳುತ್ತದೆ. ಗೆರೆ ಚೂಪಾಗಿ ಶುರುವಾಗಿ ನಡುವೆ ಉಬ್ಬಿ ಚೂಪಾಗಿ ಮುಗಿಯುತ್ತದೆ, ಅಂಚು ನುಣುಪು. 1820ರ ದಶಕದಿಂದ ಬಂದ ಉಕ್ಕಿನ ತಗಡಿನ ನಗರ ನೋಟಗಳಲ್ಲಿ ಆಕಾಶವನ್ನು ಯಂತ್ರದಿಂದ ಎಳೆದಿರುತ್ತಾರೆ. ಸಮಾನ ಅಂತರದ, ಕೂದಲಿಗಿಂತ ತೆಳುವಾದ ಗೆರೆಗಳು ಸಾಲಾಗಿ ಕಂಡರೆ ಅದು ಪ್ರವಾಸ ಪುಸ್ತಕದಿಂದ ಕಿತ್ತ ಉಕ್ಕಿನ ಎಂಗ್ರೇವಿಂಗ್ ಆಗಿರುವುದೇ ಹೆಚ್ಚು. ಆದರೆ ಅದೇ ಹಾಳೆಯಲ್ಲಿ ಮುಂಭಾಗದ ಹುಲ್ಲು, ಗಿಡಗಳನ್ನು ಎಚಿಂಗಿನಲ್ಲಿ ಮಾಡಿರುತ್ತಾರೆ. ಒಂದೇ ಜಾಗ ನೋಡಿ ತೀರ್ಪು ಕೊಡುವವರು ಮೋಸಹೋಗುವುದು ಹೀಗೆ. ಆಕಾಶ, ಗೋಡೆಯ ನೆರಳು, ಕಿಟಕಿಯ ಅಂಚು, ಮುಂಭಾಗದ ಜನರು, ಈ ನಾಲ್ಕು ಕಡೆ ಲೂಪ್ ಇಡಲೇಬೇಕು.

ಮರದಚ್ಚಿನಲ್ಲಿ ಮಸಿ ಕಾಗದಕ್ಕೆ ಒತ್ತಿಕೊಂಡಿರುತ್ತದೆ, ಗೆರೆಯ ಅಂಚಿಗೆ ಮಸಿ ಹಿಂಡಿ ಕಪ್ಪು ಕಟ್ಟು ಕಟ್ಟಿರುತ್ತದೆ. ಒತ್ತುಗುರುತು ಇರುವುದಿಲ್ಲ, ಹಿಂಬದಿಯಲ್ಲಿ ಪತ್ರಿಕೆಯ ಅಕ್ಷರ ಇದ್ದರೂ ಇರಬಹುದು. 1842ರಲ್ಲಿ ಶುರುವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನ ಪುಟಗಳಿಗೆ ಬಣ್ಣ ಬಳಿದು ಎಚಿಂಗ್ ಎಂದು ಮಾರುವುದು ಸಾಮಾನ್ಯ. ಕಲ್ಲಚ್ಚಿನಲ್ಲಿ ಮಸಿ ಸಪಾಟಾಗಿ ಕೂತಿರುತ್ತದೆ, ಗೆರೆ ಬಳಪದಿಂದ ಎಳೆದಂತೆ ಪುಡಿಪುಡಿಯಾಗಿ ಕಾಣುತ್ತದೆ. ಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಹಾಫ್‌ಟೋನ್. ಗುಲಾಬಿ, ನೀಲಿ, ಹಳದಿ ತುಂತುರು ಕಂಡರೆ ಇಂಕ್‌ಜೆಟ್. ಈ ಎರಡರಲ್ಲಿ ಯಾವುದು ಕಂಡರೂ ಪರೀಕ್ಷೆ ಅಲ್ಲಿಗೇ ಮುಗಿಯಿತು.

ನಿಜವಾದ ಗಂಡಾಂತರ ಫೋಟೋಗ್ರಾವ್ಯೂರ್. ಇದರಲ್ಲೂ ತಾಮ್ರದ ತಗಡು, ಆಮ್ಲ, ಒತ್ತುಗುರುತು, ಕೈಯಿಂದ ಒರೆಸಿದ ಮಸಿ ಎಲ್ಲವೂ ಇರುತ್ತವೆ. ಚಿತ್ರ ಮಾತ್ರ ಫೋಟೋದಿಂದ ತಗಡಿಗೆ ಬಂದದ್ದು. 10 ಪಟ್ಟಿನಲ್ಲಿ ಗೆರೆ ಸರಿಯಾಗಿಯೇ ಕಾಣಬಹುದು. 30 ಪಟ್ಟಿಗೆ ಹೋದರೆ ಗೆರೆಯೊಳಗೆ ಸಣ್ಣ ಹರಳುಗಳ ತರಿ, ಅಂಚಿನಲ್ಲಿ ಕಚ್ಚುಕಚ್ಚು ಕಾಣುತ್ತದೆ. ಇನ್ನೊಂದು ಸುಳಿವು ಮಸಿಯ ಎತ್ತರ: ದಪ್ಪ ಗೆರೆಯೂ ತೆಳು ಗೆರೆಯೂ ಒಂದೇ ಮಟ್ಟದಲ್ಲಿ ನಿಂತಿದ್ದರೆ ಸಂಶಯಪಡಿ. ಮೂಲ ಹಾಳೆಯಲ್ಲಿದ್ದ ಕಲೆ ಅಥವಾ ಮಡಿಕೆ ಇಲ್ಲಿ ಮಸಿಯಾಗಿಯೇ ಮುದ್ರಣಗೊಂಡಿದ್ದರೆ ಸಂಶಯಕ್ಕೆ ಜಾಗವೇ ಇಲ್ಲ.

ಕನ್ನಡನಾಡಿನಲ್ಲಿ ಸಿಗುವ ಹಳೆಯ ನೋಟಗಳ ವಿಷಯವಾಗಿ ಒಂದು ಮಾತು. ಬೆಂಗಳೂರು ಕೋಟೆ, ಶ್ರೀರಂಗಪಟ್ಟಣಗಳ ಬಣ್ಣದ ಅಚ್ಚುಗಳನ್ನು ಅಂಗಡಿಗಳಲ್ಲಿ ಸಾರಾಸಗಟಾಗಿ ಎಚಿಂಗ್ ಎನ್ನುತ್ತಾರೆ. ಜೇಮ್ಸ್ ಹಂಟರ್ ಬಿಡಿಸಿದ ಮೈಸೂರು ಸೀಮೆಯ ದೃಶ್ಯಗಳು 1805ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದದ್ದು ಅಕ್ವಾಟಿಂಟಿನಲ್ಲಿ. ಲೂಪಿನಡಿ ಛಾಯೆಗಳು ಗೆರೆಗಳಾಗಿ ಅಲ್ಲ, ಬಿರುಕು ಬಿಟ್ಟ ಕೆರೆಯಂಗಳದಂಥ ಬಲೆಯಾಗಿ ಕಾಣುತ್ತವೆ. ಮೇಲೆ ಜಲವರ್ಣ ಕೈಯಿಂದ ಹಚ್ಚಿದ್ದು. ಬಲೆ ಕಾಣದೆ ಬಣ್ಣದ ಚುಕ್ಕೆ ಕಂಡರೆ ಅದು ಆಧುನಿಕ ಮುದ್ರಣ.

ಹಂತ 4: ಅಳತೆ

ಅಳೆಯಬೇಕಾದ್ದು ಒತ್ತುಗುರುತನ್ನು. ಚಿತ್ರವನ್ನಲ್ಲ, ಹಾಳೆಯನ್ನೂ ಅಲ್ಲ. ಎತ್ತರ ಮೊದಲು, ಅಗಲ ಆಮೇಲೆ, ಮಿಲಿಮೀಟರಿನಲ್ಲಿ. ಗುರುತು ಎಲ್ಲ ಕಡೆ ನೇರವಾಗಿರುವುದಿಲ್ಲವಾದ್ದರಿಂದ ಎಡಕ್ಕೂ ಬಲಕ್ಕೂ, ಮೇಲೂ ಕೆಳಗೂ ಅಳೆದು ನಾಲ್ಕೂ ಸಂಖ್ಯೆ ಬರೆದಿಡಿ. ಹಾಳೆಯ ಪೂರ್ತಿ ಅಳತೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಒದ್ದೆ ಕಾಗದ ಒಣಗುವಾಗ ಕುಗ್ಗುತ್ತದೆ. ಹಾಗಾಗಿ ಆ ಕಲಾವಿದನ ಅಚ್ಚುಗಳ ಪಟ್ಟಿಯಲ್ಲಿ ಕೊಟ್ಟ ಅಳತೆಗೂ ನಿಮ್ಮದಕ್ಕೂ ಎರಡು-ಮೂರು ಮಿಲಿಮೀಟರ್ ವ್ಯತ್ಯಾಸ ಬಂದರೆ ಗಾಬರಿ ಬೇಡ. ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೆ ತಗಡೇ ಬೇರೆ.

ಹಂತ 5: ಕಾಗದ

ಬೆಳಕಿನ ಹಲಗೆಯ ಮೇಲೆ ಹಾಳೆಯನ್ನು ಮಲಗಿಸಿ. ಒತ್ತೊತ್ತಾದ ಸಣ್ಣ ಗೆರೆಗಳೂ, ಅವಕ್ಕೆ ಅಡ್ಡವಾಗಿ ಸುಮಾರು 25 ಮಿಲಿಮೀಟರಿಗೊಂದರಂತೆ ದೊಡ್ಡ ಗೆರೆಗಳೂ ಕಂಡರೆ ಅದು ತಂತಿ ಜಾಲರಿಯ ಮೇಲೆ ಮಾಡಿದ ಲೇಯ್ಡ್ ಕಾಗದ. ಗೆರೆಗಳಿಲ್ಲದೆ ಮೋಡ ಕವಿದಂತೆ ಸಮವಾಗಿದ್ದರೆ ವೋವ್ ಕಾಗದ. ಹತ್ತೊಂಬತ್ತನೇ ಶತಮಾನದಲ್ಲಿ ಎರಡೂ ಬಳಕೆಯಲ್ಲಿದ್ದವು. ಎಚಿಂಗ್ ಮಾಡುವವರು ಲೇಯ್ಡ್ ಕಾಗದವನ್ನೂ ತೆಳು ಜಪಾನಿ ಕಾಗದವನ್ನೂ ಹುಡುಕಿ ತರುತ್ತಿದ್ದರು.

ನೀರಚ್ಚು (ಕಾಗದ ತಯಾರಿಸುವಾಗಲೇ ಅದರೊಳಗೆ ಮೂಡಿಸಿದ, ಬೆಳಕಿಗೆ ಹಿಡಿದಾಗ ಕಾಣುವ ಗುರುತು) ಕಂಡರೆ ಅದರ ಫೋಟೋ ತೆಗೆಯಿರಿ, ಅಕ್ಷರಗಳನ್ನು ಇದ್ದ ಹಾಗೇ ಬರೆದುಕೊಳ್ಳಿ. ಮೆರಿಯೋನನ ಹಲವು ಅಚ್ಚುಗಳು ಹುಡೆಲಿಸ್ಟ್ ಎಂಬ ನೀರಚ್ಚಿರುವ ಲೇಯ್ಡ್ ಕಾಗದದ ಮೇಲಿವೆ, ಕೆಲವು ತಿಳಿ ಹಸಿರು ಕಾಗದದ ಮೇಲಿವೆ. ಇಂಗ್ಲೆಂಡಿನ ವಾಟ್‌ಮನ್ ಕಾಗದದ ನೀರಚ್ಚಿನಲ್ಲಿ ಕೆಲವೊಮ್ಮೆ ಇಸವಿಯೇ ಇರುತ್ತದೆ. ಹಾಳೆ ಆ ಇಸವಿಗಿಂತ ಮುಂಚೆ ಅಚ್ಚಾಗಿರಲಾರದು. ಎಷ್ಟು ತಡವಾಗಿ ಅಚ್ಚಾಯಿತೆಂದು ಮಾತ್ರ ಅದು ಹೇಳುವುದಿಲ್ಲ.

ಈಗ ಅತಿನೇರಳೆ ಟಾರ್ಚು. ಕತ್ತಲಲ್ಲಿ ಹಿಂಬದಿಯ ಮೂಲೆಯ ಮೇಲೆ ಬಿಡಿ, ಪಕ್ಕದಲ್ಲಿ ಹೋಲಿಕೆಗೆ ಸಾಮಾನ್ಯ ಪ್ರಿಂಟರ್ ಹಾಳೆ ಇಡಿ. ಹಳೆಯ ಚಿಂದಿಬಟ್ಟೆಯ ಕಾಗದ ಮಂದವಾಗಿ, ಕೆನೆ ಅಥವಾ ಕಂದು ಬಣ್ಣದಲ್ಲಿ ಉಳಿಯುತ್ತದೆ. ಪ್ರಿಂಟರ್ ಹಾಳೆಯಂತೆ ನೀಲಿ ಬಿಳುಪಿನಲ್ಲಿ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಸೇರಿದೆ. ಆ ರಾಸಾಯನಿಕ ಕಾಗದಕ್ಕೆ ಬಂದದ್ದು ಸುಮಾರು 1950ರ ಈಚೆಗೆ. ಒಂದು ಎಚ್ಚರಿಕೆ: ಯಾರಾದರೂ ಹಾಳೆಯನ್ನು ಡಿಟರ್ಜೆಂಟಿನಲ್ಲಿ ತೊಳೆದಿದ್ದರೂ ಹೊಳೆಯಬಹುದು, ಅಂಟಿನ ಕಲೆಯೂ ಹೊಳೆಯುತ್ತದೆ. ಹೊಳಪು ಹಾಳೆಯ ಉದ್ದಗಲಕ್ಕೂ ಒಂದೇ ಸಮನಾಗಿದೆಯೇ, ತೇಪೆ ತೇಪೆಯಾಗಿದೆಯೇ ನೋಡಿ.

ತರ್ಕವನ್ನು ಇಲ್ಲಿ ಸಡಿಲ ಬಿಡಬಾರದು. ಹೊಸ ಕಾಗದ ಎಂದರೆ ಅಚ್ಚು ಹೊಸದು, ಅನುಮಾನವಿಲ್ಲ. ಹಳೆಯ ಕಾಗದ ಎಂದರೆ ಅಚ್ಚು ಹಳೆಯದು ಎಂದಾಗುವುದಿಲ್ಲ. ಹಳೆಯ ಲೆಕ್ಕದ ಪುಸ್ತಕಗಳ ಖಾಲಿ ಹಾಳೆ ಕಿತ್ತು ಅಚ್ಚು ತೆಗೆಯುವ ರೂಢಿ ಪ್ರಾಮಾಣಿಕ ಕಲಾವಿದರಲ್ಲೂ ಇತ್ತು, ನಕಲು ಮಾಡುವವರಲ್ಲೂ ಇತ್ತು.

ಹಂತ 6: ಬರಹ ಮತ್ತು ಸಹಿ

ಈಗ ಮೂಲೆಯ ಅಕ್ಷರಗಳನ್ನು ಓದಬಹುದು. ಲ್ಯಾಟಿನ್ ಮೊಟಕುಗಳು ನಾಲ್ಕು: 'ಡೆಲ್' ಎಂದರೆ ಚಿತ್ರ ಬರೆದವನು, 'ಸ್ಕಲ್ಪ್' ಅಥವಾ 'ಎಸ್‌ಸಿ' ಎಂದರೆ ತಗಡು ಕೊರೆದವನು, 'ಇಂಪ್' ಎಂದರೆ ಅಚ್ಚು ಹಾಕಿದವನು, 'ಎಕ್ಸ್‌ಕ್' ಎಂದರೆ ಪ್ರಕಟಿಸಿದವನು. ಡೆಲ್ ಮತ್ತು ಸ್ಕಲ್ಪ್ ಮುಂದೆ ಎರಡು ಬೇರೆ ಹೆಸರಿದ್ದರೆ ಅದು ಒಬ್ಬನ ಚಿತ್ರವನ್ನು ನೋಡಿ ಇನ್ನೊಬ್ಬ ಕೊರೆದ ತಗಡು. ಮುದ್ರಕನ ಹೆಸರು, ವಿಳಾಸ ಇದ್ದರೆ ಅಕ್ಷರ ಬಿಡದೆ ಬರೆದುಕೊಳ್ಳಿ. ಮೆರಿಯೋನನ ತಗಡುಗಳಲ್ಲಿ ಮುದ್ರಕ ಓಗ್ಯುಸ್ತ್ ದೆಲಾತ್ರ್‌ನ ಹೆಸರು ಕೆಲವು ಸ್ಥಿತಿಗಳಲ್ಲಿ (ತಗಡನ್ನು ತಿದ್ದಿದ ಹಂತಗಳಲ್ಲಿ) ಮಾತ್ರ ಬರುತ್ತದೆ, ಮುಂದಿನ ಹಂತದಲ್ಲಿ ಇದು ಕೆಲಸಕ್ಕೆ ಬರುತ್ತದೆ.

ತಗಡಿನಲ್ಲಿ ಕೊರೆದ ಸಹಿ ಬೇರೆ, ಪೆನ್ಸಿಲ್ ಸಹಿ ಬೇರೆ. ಪ್ರತಿ ಅಚ್ಚಿನ ಕೆಳಗೆ ಪೆನ್ಸಿಲಿನಲ್ಲಿ ಸಹಿ ಹಾಕುವ ರೂಢಿ ಬೆಳೆದದ್ದು 1880ರ ದಶಕದಿಂದ, ವಿಸ್ಲರ್, ಸೀಮೋರ್ ಹೇಡನ್‌ರಂಥವರಿಂದ. 1850ರ ದಶಕದ ಪ್ಯಾರಿಸ್ ಎಚಿಂಗಿನ ಕೆಳಗೆ ಅಂದವಾದ ಪೆನ್ಸಿಲ್ ಸಹಿಯೂ, '12/50' (ಐವತ್ತು ಪ್ರತಿಗಳಲ್ಲಿ ಹನ್ನೆರಡನೆಯದು) ಎಂಬಂಥ ಸಂಖ್ಯೆಯೂ ಇದ್ದರೆ ಖುಷಿಪಡುವ ಬದಲು ಅನುಮಾನಿಸಿ.

ಹಿಂಬದಿಯಲ್ಲಿ ಸಣ್ಣ ಶಾಯಿಮುದ್ರೆ ಇದ್ದರೆ ಅದು ಹಿಂದಿನ ಸಂಗ್ರಾಹಕನದಾಗಿರಬಹುದು. ಇಂಥ ಮುದ್ರೆಗಳನ್ನು ಫ್ರಿಟ್ಸ್ ಲುಗ್ಟ್ 1921ರಲ್ಲಿ ಪಟ್ಟಿ ಮಾಡಿದ್ದು, ಈಗ ಅದನ್ನು ಅಂತರ್ಜಾಲದಲ್ಲೇ ಹುಡುಕಬಹುದು. ಚಿತ್ರದ ಹೊರಗೆ ಬಣ್ಣವಿಲ್ಲದ ಉಬ್ಬುಮುದ್ರೆ ಇದ್ದರೆ ಇನ್ನೂ ಗಮನವಿಟ್ಟು ಓದಿ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಶಾಲ್ಕೋಗ್ರಫಿ (ತಾಮ್ರದ ತಗಡುಗಳ) ವಿಭಾಗ ಹಳೆಯ ತಗಡುಗಳಿಂದ ಹೊಸ ಅಚ್ಚು ತೆಗೆದು ಮಾರುತ್ತದೆ, ಅವುಗಳ ಮೇಲೆ ತನ್ನ ಮುದ್ರೆಯನ್ನೂ ಒತ್ತುತ್ತದೆ. ಅದು ಮೋಸವಲ್ಲ. ಆ ಮುದ್ರೆಯಿರುವ ಅಂಚನ್ನು ಕತ್ತರಿಸಿ ಮಾರುವುದು ಮೋಸ.

ಹಂತ 7: ಯಾವ ಸ್ಥಿತಿ?

ತಗಡನ್ನು ತಿದ್ದಿದಾಗಲೆಲ್ಲ ಅದರ ಹೊಸ ಸ್ಥಿತಿ ಹುಟ್ಟುತ್ತದೆ. ಒಂದು ಹಕ್ಕಿ ಸೇರಿಸಿದರೂ, ಒಂದು ಸಾಲು ಬರಹ ಅಳಿಸಿದರೂ ಸ್ಥಿತಿ ಬದಲಾಯಿತು. ಮೆರಿಯೋನನ ತಗಡುಗಳಿಗೆ ಲೊಯಿಸ್ ದೆಲ್‌ತೇಯ್ ತನ್ನ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆಗಳು ಇಂದಿಗೂ ಚಾಲ್ತಿಯಲ್ಲಿವೆ. ಪೆತಿ ಪೋಂ ಸೇತುವೆ 24, ಪೋಂತೊಶಾಂಜ್ ಸೇತುವೆ 34, ಶವಾಗಾರ 36, ನೋತ್ರ್‌ದಾಮ್ ಇಗರ್ಜಿಯ ಹಿಂಬದಿ 38. ಈ ಸಂಖ್ಯೆ ಹಾಕಿ ಹುಡುಕಿದರೆ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ ಇವುಗಳ ಜಾಲತಾಣಗಳಲ್ಲಿ ಉಚಿತವಾಗಿ ನೋಡಬಹುದಾದ ಚಿತ್ರಗಳು ಸಿಗುತ್ತವೆ. ಒಂದೇ ತಗಡಿನ ಎರಡು-ಮೂರು ಸ್ಥಿತಿಗಳನ್ನು ಪಕ್ಕಪಕ್ಕ ತೆರೆದಿಟ್ಟುಕೊಳ್ಳಿ.

ಒಟ್ಟು ಚಿತ್ರವನ್ನು ನೋಡಿ ಹೋಲಿಸಬೇಡಿ, ಅದರಿಂದ ಏನೂ ಸಿಗುವುದಿಲ್ಲ. ಐದು ಜಾಗ ಆರಿಸಿಕೊಳ್ಳಿ: ಆಕಾಶ, ಎರಡು ಕಿಟಕಿ, ಒಂದು ಬರಹದ ಸಾಲು, ಮುಂಭಾಗದ ಒಬ್ಬ ಮನುಷ್ಯ. ಪ್ರತಿ ಜಾಗದಲ್ಲೂ ಗೆರೆಗಳ ಸಂಖ್ಯೆ, ದಿಕ್ಕು ಒಂದೇ ಇದೆಯೇ ನೋಡಿ. 1854ರ ಪೋಂತೊಶಾಂಜ್ ತಗಡು ಅಭ್ಯಾಸಕ್ಕೆ ಬಲು ಒಳ್ಳೆಯದು. ಮುಂಚಿನ ಸ್ಥಿತಿಗಳ ಆಕಾಶದಲ್ಲಿ ದೊಡ್ಡ ಬಲೂನು ಇದೆ, ಮುಂದೆ ಅದು ಹೋಗಿ ಹಕ್ಕಿಗಳ ಹಿಂಡು ಬರುತ್ತದೆ, ಆಮೇಲೆ ಮತ್ತೆ ಬಲೂನುಗಳು ಕಾಣಿಸಿಕೊಳ್ಳುತ್ತವೆ. ಬಲೂನು ಇದ್ದರೆ ಮೊದಲಿನದು ಎಂದು ಅವಸರಪಟ್ಟರೆ ತಪ್ಪುವುದು ಇಂಥಲ್ಲೇ. ಒಂದು ಲಕ್ಷಣ ಸಾಲದು, ಕನಿಷ್ಠ ಮೂರು ಹೊಂದಬೇಕು.

ಸ್ಥಿತಿ ಹೊಂದಿದ ಮೇಲೂ ಸವೆತ ನೋಡಬೇಕು. ಪ್ರತಿ ಅಚ್ಚಿಗೂ ಮಸಿ ಹಚ್ಚಿ ಬಟ್ಟೆಯಿಂದ ಒರೆಸುವಾಗ ತಾಮ್ರ ಸವೆಯುತ್ತದೆ. ಮೊದಲು ಮಾಯವಾಗುವುದು ಡ್ರೈಪಾಯಿಂಟ್ (ಆಮ್ಲವಿಲ್ಲದೆ ಸೂಜಿಯಿಂದಲೇ ತಾಮ್ರವನ್ನು ಗೀಚಿದ) ಗೆರೆಗಳ ಮಖಮಲ್ಲಿನಂಥ ಕಪ್ಪು, ಆಮೇಲೆ ದೂರದ ಕಟ್ಟಡಗಳ ತೆಳು ಗೆರೆ, ಕೊನೆಗೆ ನೆರಳಿನ ಆಳ. ಕಮಾನಿನ ಒಳಗಿನ ಕತ್ತಲು ಬೂದಿ ಬಣ್ಣಕ್ಕೆ ತಿರುಗಿ, ಗೆರೆಗಳು ಬಿಡಿಬಿಡಿಯಾಗಿ ಕಂಡರೆ ಅದು ತಡವಾದ ಅಚ್ಚು. 1857ರ ಸುಮಾರಿಗೆ ಫ್ರಾನ್ಸಿನಲ್ಲಿ ತಾಮ್ರದ ತಗಡಿಗೆ ವಿದ್ಯುತ್ತಿನಿಂದ ಉಕ್ಕಿನ ತೆಳು ಲೇಪ ಕೊಡುವ ವಿಧಾನ ಬಂತು. ಅದರಿಂದ ಸಾವಿರಾರು ಪ್ರತಿ ತೆಗೆಯಲು ಸಾಧ್ಯವಾಯಿತು. ಅಂಥ ಅಚ್ಚಿನಲ್ಲಿ ಗೆರೆ ಚೊಕ್ಕವಾಗಿರುತ್ತದೆ, ಆದರೆ ಒಣಗಿದಂತೆ ತೋರುತ್ತದೆ. ಗೆರೆಗಳ ನಡುವೆ ಮಸಿಯ ಮಬ್ಬು ಉಳಿದಿರುವುದಿಲ್ಲ.

ಹಂತ 8: ಕಟ್ಟಡ ಏನು ಹೇಳುತ್ತದೆ

ಇಷ್ಟಾದ ಮೇಲೆ ಚಿತ್ರದಲ್ಲಿರುವ ಕಟ್ಟಡ ಸಾಕ್ಷಿ ಹೇಳಲಿ. ನೋತ್ರ್‌ದಾಮ್‌ನ ಹಳೆಯ ಶಿಖರವನ್ನು ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಳಿಸಿದ್ದರು. ವಿಯೊಲೆ-ಲ-ದ್ಯೂಕ್ ವಿನ್ಯಾಸದ ಹೊಸ ಶಿಖರ ಎದ್ದದ್ದು 1859ರಲ್ಲಿ, 2019ರ ಬೆಂಕಿಯಲ್ಲಿ ಕುಸಿದದ್ದು ಅದೇ. ಮೆರಿಯೋನ್ 1854ರಲ್ಲಿ ಮಾಡಿದ ಹಿಂಬದಿಯ ನೋಟದಲ್ಲಿ ಶಿಖರವಿಲ್ಲ, ಇರಲೂ ಸಾಧ್ಯವಿಲ್ಲ. 1850 ಎಂದು ಬರೆದು ಮೇಲೆ ಚೂಪು ಶಿಖರ ಇರುವ ಹಾಳೆ ಸಿಕ್ಕರೆ ಆ ಇಸವಿಯನ್ನು ನಂಬಬೇಡಿ. ಹಾಗೆಯೇ ಪೆತಿ ಪೋಂ. 1850ರ ಎಚಿಂಗಿನಲ್ಲಿರುವ ಹಳೆಯ ಸೇತುವೆಯನ್ನು ಕೆಡವಿ, 1853ರ ಹೊತ್ತಿಗೆ ಒಂದೇ ಕಮಾನಿನ ಹೊಸ ಸೇತುವೆ ಕಟ್ಟಿದರು. ಮೆರಿಯೋನ್ ಚಿತ್ರಿಸಿದ ಶವಾಗಾರ 1864ರಲ್ಲಿ ಬೇರೆಡೆಗೆ ಹೋಯಿತು.

ಆದರೆ ಎಚಿಂಗನ್ನು ಫೋಟೋ ಎಂದುಕೊಳ್ಳಬೇಡಿ. ಪೆತಿ ಪೋಂ ಚಿತ್ರದಲ್ಲಿ ನೋತ್ರ್‌ದಾಮ್‌ನ ಗೋಪುರಗಳು ನದಿಯಂಚಿನಲ್ಲಿ ನಿಂತವನಿಗೆ ಕಾಣುವುದಕ್ಕಿಂತ ಎತ್ತರವಾಗಿವೆ, ಏಕೆಂದರೆ ಮೆರಿಯೋನ್ ಎರಡು ಬೇರೆ ಜಾಗಗಳಿಂದ ಕಂಡದ್ದನ್ನು ಒಂದಾಗಿ ಕೂಡಿಸಿದ. ಇಂದಿನ ಫೋಟೋಗೆ ಹೊಂದುತ್ತಿಲ್ಲ ಎಂಬ ಕಾರಣಕ್ಕೆ ಹಾಳೆಯನ್ನು ನಕಲಿ ಎನ್ನುವುದು ಅನ್ಯಾಯ.

ಎಡಬಲ ತಿರುಗಿರುವುದೂ ದೋಷವಲ್ಲ. ತಗಡಿನ ಮೇಲೆ ಬಿಡಿಸಿದ್ದು ಕಾಗದದಲ್ಲಿ ಕನ್ನಡಿಬಿಂಬವಾಗಿ ಮೂಡುತ್ತದೆ. ಮೊದಲೇ ತಿರುಗಿಸಿ ಬಿಡಿಸಿದರೆ ಅಚ್ಚು ಸರಿಯಾಗಿ ಬರುತ್ತದೆ. ವಿಸ್ಲರ್ ವೆನಿಸ್‌ನಲ್ಲಿ ಎದುರಿಗೆ ಕಂಡದ್ದನ್ನು ನೇರವಾಗಿ ತಗಡಿಗೆ ಇಳಿಸಿದ, ಹಾಗಾಗಿ ಅವನ ವೆನಿಸ್ ಅಚ್ಚುಗಳಲ್ಲಿ ಊರು ತಿರುಗಿದೆ. ಅಂಥ ತಗಡಿನ ಹಾಳೆಯಲ್ಲಿ ಊರು ಸರಿಯಾಗಿ ಕಂಡರೆ ಸಂಶಯಪಡಬೇಕಾದ್ದು ಆಗ.

ಹಂತ 9: ಹಾಳೆಯ ಆರೋಗ್ಯ

ಮೌಂಟ್ ರಟ್ಟಿನ ಕಿಟಕಿಯ ಸುತ್ತ ಕಂದು ಪಟ್ಟಿ ಇದ್ದರೆ ಅದು ರಟ್ಟಿನ ಆಮ್ಲ ಸುಟ್ಟದ್ದು. ಚಿತ್ರದ ಭಾಗವೇ ಅಂಚಿಗಿಂತ ಹಳದಿಯಾಗಿದ್ದರೆ ಬಿಸಿಲು ತಿಂದದ್ದು. ಚದುರಿದ ಕಂದು ಚುಕ್ಕೆಗಳು ತೇವದ ಗುರುತು. ಹಿಂಬದಿಯಿಂದ ಬೆಳಕು ಬಿಟ್ಟರೆ ತೆಳುವಾದ ಜಾಗಗಳೂ, ಒಳಗಿನಿಂದ ಅಂಟಿಸಿದ ಹರಕುಗಳೂ ಬಯಲಾಗುತ್ತವೆ. ಹಳೆಯ ಹಾಳೆ ಅಸಹಜವಾಗಿ ಬೆಳ್ಳಗಿದ್ದು, ಒತ್ತುಗುರುತು ಮಾಸಿ ಸಪಾಟಾಗಿದ್ದರೆ ಅದನ್ನು ಬ್ಲೀಚ್ ಮಾಡಿ ತೊಳೆದು ಭಾರ ಹೇರಿ ಒಣಗಿಸಿದ್ದಾರೆ.

ರಬ್ಬರು, ಬ್ರೆಡ್ಡು, ಒದ್ದೆ ಬಟ್ಟೆ ಯಾವುದರಿಂದಲೂ ಶುಚಿ ಮಾಡಲು ಹೋಗಬೇಡಿ. ಸೆಲೊಟೇಪನ್ನು ಕೀಳಬೇಡಿ, ಹೊಸದಾಗಿ ಅಂಟಿಸಲೂ ಬೇಡಿ. ಲ್ಯಾಮಿನೇಟ್ ಮಾಡಿಸಿದರೆ, ಅಥವಾ ಚೌಕಟ್ಟಿನ ಅಂಗಡಿಯಲ್ಲಿ ಪ್ಲೈವುಡ್ಡಿಗೆ ಗೋಂದು ಹಚ್ಚಿ ಅಂಟಿಸಲು ಬಿಟ್ಟರೆ ಹಾಳೆಯ ಕಥೆ ಮುಗಿದಂತೆ. ಬೂಷ್ಟು ಹಿಡಿದಿದ್ದರೆ, ಹಾಳೆ ಪುಡಿಯಾಗುತ್ತಿದ್ದರೆ ಕಾಗದ ಸಂರಕ್ಷಕರಿಗೆ ಒಪ್ಪಿಸಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ.

ಹಂತ 10: ಬರೆದಿಡುವುದು, ಎತ್ತಿಡುವುದು

ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. 'ಲೇಯ್ಡ್ ಕಾಗದ, ನೀರಚ್ಚು ಇಲ್ಲ, ಒತ್ತುಗುರುತು ಇಂತಿಷ್ಟು, ಮೊಂಡು ತುದಿಯ ಗೆರೆ, ಮಸಿ ಉಬ್ಬಿದೆ' ಎಂಬುದು ಕಂಡದ್ದು. 'ಮೂರನೇ ಸ್ಥಿತಿ, 1860ರ ದಶಕದ ಅಚ್ಚು' ಎಂಬುದು ಊಹೆ, ಅದರ ಮುಂದೆ ಕಾರಣ ಬರೆಯಿರಿ. ಹಾಳೆಯ ಮೇಲೆಯೇ ಏನಾದರೂ ಬರೆಯಬೇಕಾದರೆ ಹಿಂಬದಿಯ ಕೆಳಮೂಲೆಯಲ್ಲಿ, ಮೃದು ಪೆನ್ಸಿಲಿನಲ್ಲಿ, ಒತ್ತದೆ.

ಮತ್ತೆ ಚೌಕಟ್ಟಿಗೆ ಹಾಕುವುದಾದರೆ ಆಮ್ಲರಹಿತ ರಟ್ಟು ಕೇಳಿ ತರಿಸಿ. ಹಾಳೆಯನ್ನು ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ಪುಟ್ಟ ಪಟ್ಟಿಗಳಿಂದ, ಗೋಧಿ ಪಿಷ್ಟದ ಅಂಟಿನಲ್ಲಿ ತೂಗಿಬಿಡಿ. ಗಾಜು ಹಾಳೆಗೆ ತಾಕದಂತೆ ನಡುವೆ ಕಿಟಕಿ ಕೊರೆದ ಮೌಂಟ್ ಇರಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ, ಗೋಡೆಯ ತಂಪು ಚೌಕಟ್ಟಿನೊಳಗೆ ತೇವ ಕಟ್ಟುತ್ತದೆ. ಕೋಣೆಯ ತೇವಾಂಶ ಶೇಕಡಾ 65 ದಾಟದಂತೆ ನೋಡಿಕೊಳ್ಳಿ, 50ರ ಆಸುಪಾಸು ಇದ್ದರೆ ಒಳ್ಳೆಯದು. ಪೆಟ್ಟಿಗೆಯಲ್ಲಿ ಇಡುವುದಾದರೆ ಹಾಳೆ ಮಲಗಿರಲಿ, ಸುತ್ತಿಡಬೇಡಿ, ನುಸಿಗುಳಿಗೆ ಹಾಕಬೇಡಿ. ಬೆಳ್ಳಿಹುಳ ಬಂದಿದೆಯೇ ಎಂದು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ.